ವಸಂತದ ಅಂಗಳದಲ್ಲಿ ಮಗುವಿನ ಮೊದಲ ಪಾಠ

ಚಳಿ ಸರಿದು ಬಿಸಿಲು ಬಲಿಯುವ ಮುನ್ನ ನಮ್ಮ ಕರಾವಳಿಗೆ ಕೆಲವೇ ವಾರಗಳ ಒಂದು ಸುಂದರ ಕಾಲ ಬರುತ್ತದೆ. ಮಾವಿನ ಹೂ ಉದುರಿ ಸಾಸಿವೆಯಷ್ಟಿದ್ದ ಮಿಡಿ ಗೋಲಿಯಷ್ಟಾಗುತ್ತದೆ. ಗುಡ್ಡೆಯಲ್ಲಿ ಹಳದಿ, ಕೆಂಪು ಗೇರುಹಣ್ಣುಗಳು ತೂಗುತ್ತವೆ. ಹಲಸಿನ ಮರದ ಮೈತುಂಬ ಗುಜ್ಜೆಗಳು. ಸುಬ್‌ಹಿ ನಮಾಝಿನ ಹೊತ್ತಿಗೆ ಕೋಗಿಲೆ ಕೂಗತೊಡಗುತ್ತದೆ. ಒಣಗಿಹೋದಂತೆ ಕಂಡ ಕೊಂಬೆಗಳಲ್ಲಿ ತಾಮ್ರವರ್ಣದ ಚಿಗುರು ಇಣುಕುತ್ತದೆ. ಸತ್ತಂತಿದ್ದ ಭೂಮಿಗೆ ಮರಳಿ ಜೀವ ನೀಡುವ ಅಲ್ಲಾಹನ ಕೃಪೆಯ ಕುರುಹುಗಳನ್ನು ಕಣ್ತೆರೆದು ನೋಡಬೇಕೆಂದು ಪವಿತ್ರ ಕುರ್‌ಆನ್ ಮನುಷ್ಯನಿಗೆ ಮತ್ತೆ ಮತ್ತೆ ನೆನಪಿಸುತ್ತದೆ.

ಓದುಗ ಬಂಧುಗಳೇ, ಈ ದಿನಗಳಲ್ಲಿ ನಮ್ಮ ಮನೆಯ ಪುಟಾಣಿಗಳ ಕಣ್ಣು ಎಲ್ಲಿದೆ ಎಂದು ಒಮ್ಮೆ ಗಮನಿಸಿರಿ. ಉಣಿಸುವಾಗ ಮೊಬೈಲು, ಅಳು ನಿಲ್ಲಿಸಲು ಮೊಬೈಲು, ನೆಂಟರು ಬಂದಾಗ ಸುಮ್ಮನೆ ಕೂರಿಸಲು ಮೊಬೈಲು. ಅಂಗಳದಲ್ಲಿ ಅಳಿಲು ಓಡುತ್ತಿರುತ್ತದೆ. ಮಗು ಪರದೆಯ ಮೇಲೆ ಓಡುವ ಬೊಂಬೆಯನ್ನು ನೋಡುತ್ತಿರುತ್ತದೆ. ಆ ಬೊಂಬೆ ಎಷ್ಟೇ ಚಂದವಾಗಿ ಮಾತಾಡಲಿ, ಮಗು ಬೆರಳು ತೋರಿಸಿದತ್ತ ಅದು ತಿರುಗಿ ನೋಡುವುದಿಲ್ಲ. ತಾಯಿ ತಂದೆ ಮಾತ್ರ ನೋಡಬಲ್ಲರು. ಮಗು ತೋರಿಸಿದ್ದನ್ನು ನೀವು ನೋಡುವುದು, ಅದು ಕೇಳಿದ್ದಕ್ಕೆ ನೀವು ಮಾತು ಕೊಡುವುದು, ಮತ್ತೆ ಅದರ ಉತ್ತರಕ್ಕಾಗಿ ಕಾಯುವುದು: ಮಗುವಿನ ಬುದ್ಧಿ, ಭಾಷೆ, ಸ್ವಭಾವ ಮೂರೂ ಬೆಳೆಯುವುದು ಈ ಕೊಡುಕೊಳ್ಳುವಿಕೆಯಿಂದಲೇ. ಇದಕ್ಕೆ ಬೇಕಾದ ಸಾಮಗ್ರಿಯನ್ನು ವಸಂತವು ಕಾಸಿನ ಖರ್ಚಿಲ್ಲದೆ ನಮ್ಮ ಬಾಗಿಲಿಗೇ ತಂದುಕೊಡುತ್ತದೆ.

ಆರು ವರ್ಷದೊಳಗಿನ ಅಡಿಪಾಯ

ಮಗುವಿನ ಮಿದುಳಿನ ಒಟ್ಟು ಬೆಳವಣಿಗೆಯಲ್ಲಿ ಶೇಕಡಾ 85ಕ್ಕಿಂತ ಹೆಚ್ಚು ಭಾಗ ಆರು ವರ್ಷ ತುಂಬುವ ಮೊದಲೇ ನಡೆಯುತ್ತದೆಂದು ನಮ್ಮ ದೇಶದ 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಹೇಳಿದೆ. ಅಂದರೆ ಮಗು ಒಂದನೇ ತರಗತಿಯ ಬೆಂಚಿನಲ್ಲಿ ಕೂರುವ ಹೊತ್ತಿಗೆ ಅಡಿಪಾಯ ಬಿದ್ದಾಗಿರುತ್ತದೆ. ಹುಟ್ಟುವಾಗಲೇ ಮಿದುಳಿನಲ್ಲಿ ಕೋಟ್ಯಂತರ ಜೀವಕೋಶಗಳಿರುತ್ತವೆ; ಆದರೆ ಅವುಗಳ ನಡುವಿನ ಸಂಪರ್ಕಗಳು ಬಲಗೊಳ್ಳುವುದು ಕಂಡು, ಕೇಳಿ, ಮುಟ್ಟಿ ಪಡೆದ ಅನುಭವದಿಂದ. ಗದ್ದೆ ಬದುವಿನ ಕಾಲುದಾರಿಯನ್ನು ನೆನಪಿಸಿಕೊಳ್ಳಿರಿ. ದಿನವೂ ನಡೆದರೆ ದಾರಿ ಸವೆದು ಸ್ಪಷ್ಟವಾಗುತ್ತದೆ. ಯಾರೂ ನಡೆಯದಿದ್ದರೆ ಹುಲ್ಲು ಮುಚ್ಚಿಕೊಳ್ಳುತ್ತದೆ.

ಐದು ವರ್ಷದೊಳಗಿನ ಮಕ್ಕಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಕೆಲವು ಸಲಹೆಗಳನ್ನು ನೀಡಿತು. ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನವೊಂದಕ್ಕೆ ಕನಿಷ್ಠ 180 ನಿಮಿಷ ಓಡಾಟ, ಆಟಗಳಲ್ಲಿರಬೇಕು. ಎರಡು ವರ್ಷ ತುಂಬುವವರೆಗೆ ಕೂರಿಸಿ ಪರದೆ ತೋರಿಸುವುದೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ಒಂದು ಗಂಟೆಗಿಂತ ಹೆಚ್ಚು ಬೇಡ. ಮೂರು, ನಾಲ್ಕು ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಈ ಲೆಕ್ಕವನ್ನು ನಮ್ಮ ಮನೆಯ ದಿನಚರಿಯ ಪಕ್ಕದಲ್ಲಿಟ್ಟು ನೋಡಿದರೆ ನಾವು ಎಲ್ಲಿದ್ದೇವೆಂದು ತಿಳಿಯುತ್ತದೆ.

ಒಂದು ಹಕ್ಕಿ, ಒಂದು ಒಗಟು

ಮಗುವಿನೊಡನೆ ಮಾತಾಡುವುದು ಹೆಂಗಸರ ಕೆಲಸ, ದೊಡ್ಡ ಮನುಷ್ಯರಿಗೆ ಅದಕ್ಕೆಲ್ಲಿ ಬಿಡುವು ಎನ್ನುವವರಿದ್ದಾರೆ. ಅನಸ್(ರ)ರಿಗೆ ಅಬೂ ಉಮೈರ್ ಎಂಬ ಪುಟ್ಟ ತಮ್ಮನಿದ್ದ. ಅವನು ಒಂದು ಚಿಕ್ಕ ಹಕ್ಕಿಯೊಡನೆ ಆಡುತ್ತಿದ್ದ. ಪ್ರವಾದಿವರ್ಯರು(ಸ) ಆ ಮನೆಗೆ ಬಂದಾಗ ಹುಡುಗನನ್ನು ಹೆಸರು ಹಿಡಿದು ಕರೆದು, ಅವನ ಹೆಸರಿಗೆ ಪ್ರಾಸ ಕೂಡುವಂತೆ ಆ ಹಕ್ಕಿಯ ಸಮಾಚಾರ ವಿಚಾರಿಸುತ್ತಿದ್ದರೆಂದು ಬುಖಾರಿ, ಮುಸ್ಲಿಮ್ ಗ್ರಂಥಗಳಲ್ಲಿ ವರದಿಯಾಗಿದೆ. ಮದೀನಾದ ಸಕಲ ಹೊಣೆಯನ್ನು ಹೊತ್ತವರಿಗೆ ಒಂದು ಮಗುವಿನ ಹಕ್ಕಿಯೂ ಚಿಕ್ಕ ವಿಷಯವಾಗಿರಲಿಲ್ಲ. ಮಗುವಿಗೆ ಯಾವುದು ಮುಖ್ಯವೋ ಅದರಿಂದಲೇ ಮಾತು ಆರಂಭಿಸಬೇಕೆಂಬ ಪಾಠ ಇದರಲ್ಲಿದೆ.

ಇನ್ನೊಂದು ಘಟನೆ. ಎಲೆ ಉದುರದ, ಸತ್ಯವಿಶ್ವಾಸಿಗೆ ಹೋಲಿಸಬಹುದಾದ ಮರ ಯಾವುದೆಂದು ಪ್ರವಾದಿವರ್ಯರು(ಸ) ಒಮ್ಮೆ ಅನುಚರರ ಮುಂದೆ ಒಗಟು ಇಟ್ಟರು. ಹಿರಿಯರು ಕಾಡುಮರಗಳನ್ನೆಲ್ಲ ನೆನೆಯುತ್ತಿದ್ದಾಗ, ಕಿರಿಯರಾದ ಅಬ್ದುಲ್ಲಾ ಇಬ್ನು ಉಮರ್(ರ)ರಿಗೆ ಅದು ಖರ್ಜೂರದ ಮರವೆಂದು ಹೊಳೆಯಿತು. ಆದರೆ ನಾಚಿಕೆಯಿಂದ ಸುಮ್ಮನಾದರು. ಆ ಬಳಿಕ ತಂದೆ ಉಮರ್(ರ)ರಿಗೆ ಇದನ್ನು ತಿಳಿಸಿದಾಗ, ಮಗ ಅಲ್ಲಿ ಉತ್ತರ ಹೇಳಿದ್ದರೆ ತನಗೆ ಬಹಳ ಸಂತೋಷವಾಗುತ್ತಿತ್ತೆಂದು ಅವರು ಹೇಳಿದರು. ಹಿರಿಯರ ನಡುವೆ ಬಾಯ್ತೆರೆದ ಮಗುವನ್ನು ಗದರಿಸಿ ಕೂರಿಸುವ ನಾವು ಈ ತಂದೆಯ ಮಾತನ್ನು ನೆನಪಿಡಬೇಕು.

ಮಡಿಲಿನ ಕೂಸಿಗೆ

ಇಷ್ಟು ಸಣ್ಣ ಮಗುವಿಗೆ ಏನು ತಿಳಿಯುತ್ತದೆ ಎನ್ನಬೇಡಿರಿ. ಬೆಳಗಿನ ಎಳೆ ಬಿಸಿಲಿನಲ್ಲಿ ಕೂಸನ್ನೆತ್ತಿಕೊಂಡು ಅಂಗಳಕ್ಕೆ ಬನ್ನಿ. ಕೋಗಿಲೆ ಕೂಗಿದರೆ ನಿಂತು, ಕಿವಿಗೊಟ್ಟು, ನೀವೂ ಹಾಗೆಯೇ ಕೂಗಿರಿ. ಮಗು "ಊ" ಎಂದರೆ ನೀವೂ "ಊ" ಎನ್ನಿರಿ. ಇದು ಮಾತಿನ ಮೊದಲ ಪಾಠ. ಮಾವಿನ ಚಿಗುರನ್ನು ಕೆನ್ನೆಗೆ ತಾಗಿಸಿರಿ. ಎಚ್ಚರವಿದ್ದಾಗ ಚಾಪೆಯ ಮೇಲೆ ಕವುಚಿ ಮಲಗಿಸಿ ಎದುರಿಗೆ ನೀವೂ ಮಲಗಿರಿ. ನಿಮ್ಮ ಮುಖ ನೋಡಲು ಕತ್ತೆತ್ತುವ ಮಗುವಿನ ಕತ್ತು, ಬೆನ್ನು ಬಲಗೊಳ್ಳುತ್ತವೆ. ಇನ್ನೂ ನಡೆಯದ ಕೂಸಿಗೆ ಹೀಗೆ ಚೂರುಚೂರಾಗಿ ದಿನಕ್ಕೆ ಅರ್ಧ ಗಂಟೆ ಆಗಬೇಕು.

ನಡೆಯಲು ಕಲಿತ ಮಗುವಿಗೆ

ಒಂದರಿಂದ ಮೂರು ವರ್ಷದ ಮಗು ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚು. ಇರುವೆ ಕಂಡರೆ ನಿಲ್ಲುತ್ತದೆ, ಕಲ್ಲು ಕಂಡರೆ ಕೂರುತ್ತದೆ. ಕೈಹಿಡಿದು ಎಳೆಯಬೇಡಿರಿ. ಮಾವಿನ ಮರದಲ್ಲಿ ಚಿಗಳಿ ಇರುವೆಗಳು ಎಲೆಗಳನ್ನು ಹೊಲಿದು ಗೂಡು ಕಟ್ಟುವುದನ್ನು ದೂರದಿಂದ ತೋರಿಸಿರಿ. "ಅದು ಇರುವೆ" ಎಂದು ಮುಗಿಸದೆ, "ಕೆಂಪು ಇರುವೆ, ಮೇಲೆ ಹತ್ತುತ್ತಿದೆ, ಬಾಯಲ್ಲಿ ಏನೋ ಹಿಡಿದಿದೆ" ಎಂದು ಮುಂದುವರಿಸಿರಿ. ಮಗು ಒಂದು ಮಾತು ಹೇಳಿದರೆ ನೀವು ಅದಕ್ಕೆ ಎರಡು ಕೂಡಿಸಿರಿ.

ಹಕ್ಕಿಗಳಿಗಾಗಿ ಮಣ್ಣಿನ ಬಟ್ಟಲಿನಲ್ಲಿ ನೀರಿಡುವ ಕೆಲಸವನ್ನು ಮಗುವಿಗೇ ಒಪ್ಪಿಸಿರಿ. ನೀರು ಚೆಲ್ಲಲಿ, ಬಟ್ಟೆ ಒದ್ದೆಯಾಗಲಿ. ಸಣ್ಣ ಚೊಂಬಿನಿಂದ ನೀರು ಹೊಯ್ಯುವಾಗ ಕೈ ಮತ್ತು ಕಣ್ಣು ಒಟ್ಟಿಗೆ ಕೆಲಸ ಮಾಡಲು ಕಲಿಯುತ್ತವೆ. ಮುಂದೆ ಪೆನ್ಸಿಲು ಹಿಡಿಯುವ ಬೆರಳುಗಳಿಗೆ ಇದೇ ತಾಲೀಮು. ಮೂಕಪ್ರಾಣಿಯ ಬಾಯಾರಿಕೆ ನಮ್ಮ ಹೊಣೆ ಎಂಬ ಮಾತನ್ನು ಬೋಧಿಸಬೇಕಾಗಿಲ್ಲ, ಮಗು ಕೈಯಾರೆ ಕಲಿಯುತ್ತದೆ. ನೀರನ್ನು ದಿನವೂ ಬದಲಾಯಿಸಿರಿ, ಇಲ್ಲದಿದ್ದರೆ ಸೊಳ್ಳೆಯಾದೀತು.

ಮೂರರಿಂದ ಆರು ವರ್ಷದವರಿಗೆ

ಈ ವಯಸ್ಸಿನ ಮಗುವಿನ ಬಾಯಲ್ಲಿ "ಯಾಕೆ" ಎಂಬ ಪ್ರಶ್ನೆ ಮುಗಿಯುವುದೇ ಇಲ್ಲ. ತೂತು ಮಾಡಿದ ಗೆರಟೆಯಲ್ಲಿ ಮಣ್ಣು ತುಂಬಿಸಿ ಅಲಸಂಡೆ ಬೀಜ ಊರಿಸಿರಿ. ಒಂದು ವಾರದೊಳಗೆ ಮೊಳಕೆ ಮಣ್ಣು ಸೀಳಿ ಬರುತ್ತದೆ. ಪ್ರತಿದಿನ ಬೆಳಗ್ಗೆ ಮಗುವೇ ಹೋಗಿ ನೋಡಿ ಬಂದು ವರದಿ ಒಪ್ಪಿಸಲಿ. ನಿನ್ನೆ ಹೇಗಿತ್ತು, ಇಂದು ಹೇಗಿದೆ, ನಾಳೆ ಏನಾದೀತು ಎಂದು ಕೇಳಿರಿ. ಕಾಯುವ ತಾಳ್ಮೆ, ನೆನಪು, ಊಹೆ ಮೂರೂ ಈ ಒಂದು ಗೆರಟೆಯಲ್ಲಿವೆ. ಫ್ಲ್ಯಾಟಿನಲ್ಲಿರುವವರಿಗೂ ಕಿಟಕಿಯ ಅಂಚೊಂದು ಸಾಕು. ಒಬ್ಬನು ನೆಟ್ಟ ಗಿಡದಿಂದ ಮನುಷ್ಯನೋ ಹಕ್ಕಿಯೋ ಪ್ರಾಣಿಯೋ ತಿಂದರೆ ಅದು ಅವನ ಪಾಲಿಗೆ ದಾನವಾಗುತ್ತದೆಂಬ ಹದೀಸಿನ ಆಶಯವನ್ನು ಅಲ್ಲಿಯೇ, ಆ ಗಿಡದ ಪಕ್ಕದಲ್ಲಿಯೇ ತಿಳಿಸಿರಿ.

ಉದುರಿದ ಎಲೆಗಳನ್ನು ದೊಡ್ಡದು, ಚಿಕ್ಕದು ಎಂದು ವಿಂಗಡಿಸುವುದು, ಹಲಸಿನ ಬೀಜ ಎಣಿಸಿ ಹತ್ತರ ರಾಶಿ ಮಾಡುವುದು ಲೆಕ್ಕದ ಮೊದಲ ಪಾಠ. ಹಿಜ್‌ರಿ ತಿಂಗಳ ಆರಂಭದ ಸಂಜೆ ಮಗ್ರಿಬಿನ ಹೊತ್ತಿಗೆ ಮಗುವನ್ನು ತಾರಸಿಗೆ ಕರೆದೊಯ್ದು ಪಶ್ಚಿಮದಲ್ಲಿ ಬಾಲಚಂದ್ರನನ್ನು ಹುಡುಕಿಸಿರಿ. ಚಂದ್ರನು ದಿನದಿನವೂ ತುಂಬುವುದನ್ನು ಎರಡು ವಾರ ತೋರಿಸಿರಿ. ಯಾವುದನ್ನೂ ಪರೀಕ್ಷೆಯಂತೆ ಮಾಡಬೇಡಿರಿ. ಉತ್ತರ ತಪ್ಪಾದರೆ ನಗಬೇಡಿರಿ, ಪಕ್ಕದ ಮನೆಯ ಮಗುವಿನೊಡನೆ ಹೋಲಿಸಬೇಡಿರಿ.

ಮನೆಮಾತು ಬಿಡಬೇಡಿರಿ

ಶಾಲೆಯಲ್ಲಿ ಇಂಗ್ಲಿಷ್ ಬೇಕಲ್ಲ ಎಂದು ಬ್ಯಾರಿ, ನವಾಯತಿ, ಉರ್ದು, ಕನ್ನಡವನ್ನು ಬದಿಗಿಟ್ಟು, ತಮಗೇ ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ ಮಗುವಿನೊಡನೆ ಮಾತಾಡುವ ತಾಯಂದಿರಿದ್ದಾರೆ. ಆಗ ಮಾತು "ಕಮ್, ಗೋ, ಈಟ್" ಎಂಬ ಆಜ್ಞೆಗಳಿಗೆ ಕುಗ್ಗುತ್ತದೆ. ಕಥೆಯಿಲ್ಲ, ತಮಾಷೆಯಿಲ್ಲ, ಲಾಲಿಯಿಲ್ಲ. ನಿಮಗೆ ಧಾರಾಳವಾಗಿ ಬರುವ ಭಾಷೆಯಲ್ಲಿ ಧಾರಾಳವಾಗಿ ಮಾತಾಡಿರಿ. ಮನೆಯಲ್ಲಿ ಎರಡು ಭಾಷೆ ಕೇಳಿದ ಮಾತ್ರಕ್ಕೆ ಮಗುವಿಗೆ ಮಾತು ತಡವಾಗುವುದಿಲ್ಲ. ಒಂದು ಭಾಷೆಯಲ್ಲಿ ಗಟ್ಟಿಯಾದ ಮಗುವಿಗೆ ಇನ್ನೊಂದು ಸುಲಭ.

ತಂದೆಯ ಪಾಲು

ಅಸರ್ ನಮಾಝಿನ ನಂತರದ ಅರ್ಧ ಗಂಟೆಯನ್ನು ಮಗುವಿಗೆ ಕೊಡುವುದು ಯಾವ ತಂದೆಗೂ ಅಸಾಧ್ಯವಲ್ಲ. ಗಲ್ಫಿನಲ್ಲಿರುವ ತಂದೆಯೂ ಪಾಲುಗೊಳ್ಳಬಹುದು. ದೂರದ ಬಂಧುಗಳ ಮುಖ ನೋಡಿ ಆಡುವ ವಿಡಿಯೋ ಕರೆಯನ್ನು ಮಕ್ಕಳ ವೈದ್ಯರು ಇತರ ಪರದೆಯಾಟದ ಸಾಲಿಗೆ ಸೇರಿಸುವುದಿಲ್ಲ, ಏಕೆಂದರೆ ಅಲ್ಲಿ ಪ್ರಶ್ನೆಗೆ ಉತ್ತರವಿದೆ. "ಚೆನ್ನಾಗಿದ್ದೀಯಾ, ಏನು ತರಲಿ" ಎಂದು ಮುಗಿಸದೆ, "ನಿನ್ನ ಅಲಸಂಡೆ ಗಿಡಕ್ಕೆ ಎಷ್ಟು ಎಲೆ ಬಂತು, ತೋರಿಸು" ಎಂದು ಕೇಳಿರಿ. ಮಗು ಫೋನು ಹಿಡಿದು ಅಂಗಳಕ್ಕೆ ಓಡುತ್ತದೆ.

ಎಚ್ಚರಿಕೆಗಳು

ಬೆಳಗಿನ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕೂವರೆಯ ನಂತರ ಹೊರಗೆ ಬಿಡಿರಿ. ಆಗಾಗ ನೀರು ಕುಡಿಸಿರಿ. ಆದರೆ ಆರು ತಿಂಗಳೊಳಗಿನ ಕೂಸಿಗೆ ಸೆಕೆಯಲ್ಲಿಯೂ ಎದೆಹಾಲೇ ಸಾಕು. ಹಸಿ ಗೇರುಬೀಜದ ಎಣ್ಣೆ ಚರ್ಮವನ್ನು ಸುಡುತ್ತದೆ, ಮಾವಿನ ಸೊನೆಯೂ ತುರಿಸುತ್ತದೆ. ಕಡಲೆಬೀಜ, ಇಡೀ ದ್ರಾಕ್ಷಿ, ಹುಣಸೆ ಬೀಜಗಳು ಸಣ್ಣ ಮಕ್ಕಳ ಗಂಟಲಿಗೆ ಅಪಾಯ. ತರಗೆಲೆಯ ರಾಶಿಗೆ ಕೈ ಹಾಕಿಸಬೇಡಿರಿ, ಹಾವಿರಬಹುದು. ಬಾವಿ, ಕೆರೆ, ಸಮುದ್ರದ ಬಳಿ ಮಗು ನಿಮ್ಮ ಕೈಯಳತೆಯಲ್ಲೇ ಇರಲಿ.

ತಡಮಾಡಬಾರದ ಸಂಗತಿ

ಹೀಗೆ ಮಗುವಿನೊಡನೆ ದಿನವೂ ಬೆರೆತಾಗ ಇನ್ನೊಂದು ದೊಡ್ಡ ಉಪಯೋಗವಿದೆ: ಕೊರತೆಯಿದ್ದರೆ ಬೇಗ ಕಣ್ಣಿಗೆ ಬೀಳುತ್ತದೆ. ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ಒಂದು ಪದವನ್ನೂ ಆಡದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಜೋಡಿಸದಿದ್ದರೆ, ಬಂದ ಮಾತು ನಿಂತುಹೋದರೆ, ವೈದ್ಯರಿಗೆ ತೋರಿಸಿರಿ. ಕಿವಿಯ ಪರೀಕ್ಷೆ ಮಾಡಿಸಿರಿ. "ಇವನ ಅಪ್ಪನೂ ತಡವಾಗಿಯೇ ಮಾತಾಡಿದ್ದು" ಎಂದು ಮನೆಯ ಹಿರಿಯರು ಸಮಾಧಾನ ಹೇಳುತ್ತಾರೆ. ಅವರ ಪ್ರೀತಿಯನ್ನು ಗೌರವಿಸಿರಿ, ಆದರೆ ಕಾಯುತ್ತ ಕೂರಬೇಡಿರಿ. ಕೇಳದ ಕಿವಿಗೆ ಬೇಗ ಚಿಕಿತ್ಸೆಯಾದರೆ ಮಾತು ಬರುವ ದಾರಿ ತೆರೆಯುತ್ತದೆ; ತಡವಾದಷ್ಟು ದಾರಿ ಕಠಿಣ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರಕಾರಿ ಶಾಲೆಯ ಮಕ್ಕಳ ತಪಾಸಣೆ ನಡೆಯುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಜನ ಏನೆಂದಾರು ಎಂದು ಬಚ್ಚಿಟ್ಟರೆ ನಷ್ಟ ಮಗುವಿಗೆ.

ಸಹೋದರ ಸಹೋದರಿಯರೇ, ಮಕ್ಕಳು ನಮ್ಮ ಕೈಗೆ ಬಂದ ಅಮಾನತ್ತು. ಮಾವು ಮುಂದಿನ ವರ್ಷವೂ ಹೂ ಬಿಟ್ಟೀತು, ಕೋಗಿಲೆ ಮತ್ತೆ ಕೂಗೀತು. ಆದರೆ ಎರಡು ವರ್ಷದ ಮಗು ಮುಂದಿನ ವಸಂತಕ್ಕೆ ಎರಡು ವರ್ಷದ್ದಾಗಿ ಉಳಿಯುವುದಿಲ್ಲ. ಇಂದು ಸಂಜೆ ಅದು ಬೆರಳೆತ್ತಿ ಏನನ್ನೋ ತೋರಿಸಿದಾಗ ಕೈಯಲ್ಲಿರುವುದನ್ನು ಕೆಳಗಿಟ್ಟು ಅತ್ತ ನೋಡಿರಿ. ನಮ್ಮ ಸಂತಾನವನ್ನು ಕಣ್ಣಿಗೆ ತಂಪಾಗಿಸಲಿ, ಅವರ ಹಕ್ಕನ್ನು ಪೂರೈಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ, ಆಮೀನ್.