ಹೊರಗೆ ಒಣಗಿದ ಹೊಲಿಗೆ, ಒಳಗೆ ಉಳಿದ ಅಂಟು

'ಹೊಲಿಗೆ ಗುರುತೇ ಕಾಣದ ಹಾಗೆ ಒಣಗಿದೆ, ಇನ್ನೊಂದು ಸಿಸೇರಿಯನ್ ಆದರೆ ಏನು ಭಯ ಡಾಕ್ಟ್ರೇ?' ರಾಮಕೃಷ್ಣನಗರದ ನನ್ನ ಕ್ಲಿನಿಕ್ಕಿಗೆ ಬಸುರಿ ಸೊಸೆಯನ್ನು ಕರೆತರುವ ಅತ್ತೆಯಂದಿರು ಆಗಾಗ ಕೇಳುವ ಪ್ರಶ್ನೆ ಇದು. ಹೊರಗಿನ ಗೆರೆ ನೋಡಿ ಒಳಗಿನ ಸ್ಥಿತಿ ಹೇಳಲು ಬರುವುದಿಲ್ಲ.

ಹೊಟ್ಟೆಯೊಳಗೆ ಕರುಳು, ಮೂತ್ರಕೋಶ, ಗರ್ಭಕೋಶಗಳ ಮೇಲೆ ನುಣುಪಾದ ತೆಳು ಪೊರೆ ಇರುತ್ತದೆ. ಹಾಗಾಗಿಯೇ ಅವು ಒಂದಕ್ಕೊಂದು ತಾಗಿದರೂ ಸಲೀಸಾಗಿ ಜಾರುತ್ತವೆ. ಶಸ್ತ್ರಕ್ರಿಯೆಯಲ್ಲಿ ಈ ಪೊರೆಗೆ ಗಾಯವಾದಾಗ ಫೈಬ್ರಿನ್ ಎಂಬ ಅಂಟು ವಸ್ತು ಅಲ್ಲಿ ಸೇರುತ್ತದೆ. ಕೆಲವೇ ದಿನಗಳಲ್ಲಿ ಕರಗಿದರೆ ಸರಿ. ಕರಗದಿದ್ದರೆ ಅದರಲ್ಲಿ ನಾರು, ರಕ್ತನಾಳಗಳು ಬೆಳೆದು ಅಂಗಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತವೆ. ಇದೇ ಅಡ್ಹೀಷನ್, ಅಂದರೆ ಒಳಅಂಟು.

ಇದಕ್ಕೆ ಮುಖ್ಯ ಕಾರಣ ಶಸ್ತ್ರಕ್ರಿಯೆಗಳ ಸಂಖ್ಯೆ. ಎರಡನೆಯ ಸಿಸೇರಿಯನ್ನಿಗಿಂತ ಮೂರನೆಯದರಲ್ಲಿ ಒಳಅಂಟು ಕಾಣುವುದು ಹೆಚ್ಚು, ಅದು ಗಟ್ಟಿಯೂ ಆಗಿರುತ್ತದೆ. ಹಿಂದಿನ ಬಾಣಂತನದಲ್ಲಿ ಸೋಂಕು ತಗಲಿ ಕೀವಾಗಿದ್ದರೆ, ಅಪೆಂಡಿಕ್ಸ್ ಅಥವಾ ಗರ್ಭಕೋಶದ ಗಡ್ಡೆಗೆ ಶಸ್ತ್ರಕ್ರಿಯೆ ಆಗಿದ್ದರೆ, ಎಂಡೊಮೆಟ್ರಿಯೋಸಿಸ್ ಇದ್ದರೆ ಸಂಭವ ಇನ್ನೂ ಹೆಚ್ಚು. ಬಾಣಂತಿ ಅನ್ನ ಉಂಡದ್ದರಿಂದಲೋ ಬೇಗ ಎದ್ದು ಓಡಾಡಿದ್ದರಿಂದಲೋ ಇದು ಬರುವುದಿಲ್ಲ. ಪಾಪ, ಆಕೆಯನ್ನು ದೂರಬೇಡಿ.

ಅನೇಕರಿಗೆ ಒಳಅಂಟಿನಿಂದ ಯಾವ ತೊಂದರೆಯೂ ಆಗುವುದಿಲ್ಲ. ತೊಡಕು ಎದುರಾಗುವುದು ಮತ್ತೆ ಹೊಟ್ಟೆ ತೆರೆದಾಗ. ಮೂತ್ರಕೋಶ ಗರ್ಭಕೋಶಕ್ಕೆ ಅಂಟಿಕೊಂಡಿದ್ದರೆ ಬಿಡಿಸುವಾಗ ಅದಕ್ಕೆ ಪೆಟ್ಟಾಗಬಹುದು, ರಕ್ತಸ್ರಾವ ಹೆಚ್ಚಬಹುದು, ಮಗುವನ್ನು ಹೊರತೆಗೆಯುವುದು ತಡವಾಗಬಹುದು. ಹಳೆಯ ಗಾಯಕ್ಕೆ ಸಂಬಂಧಿಸಿದ ಇನ್ನೊಂದು ಅಪಾಯವೂ ಇದೆ. ಮಾಸು ಆ ಗಾಯದ ಜಾಗದಲ್ಲೇ ಬೇರೂರಿ, ಹೆರಿಗೆಯ ನಂತರ ಬಿಡಿಸಿಕೊಳ್ಳದೆ ಹೋಗುತ್ತದೆ. ಆಗ ತಾಯಿಯ ಜೀವ ಉಳಿಸಲು ಗರ್ಭಕೋಶವನ್ನೇ ತೆಗೆಯಬೇಕಾಗಬಹುದು. ಸ್ಕ್ಯಾನಿಂಗ್‌ನಲ್ಲಿ 'ಮಾಸು ಕೆಳಗಿದೆ' ಎಂದಿದ್ದರೆ, ರಕ್ತದ ವ್ಯವಸ್ಥೆಯೂ ಪರಿಣತರೂ ಇರುವ ಚೆಲುವಾಂಬದಂಥ ದೊಡ್ಡ ಆಸ್ಪತ್ರೆಯಲ್ಲೇ ಹೆರಿಗೆ ಆಗಲಿ.

ಕರ್ನಾಟಕದಲ್ಲಿ 2015–16ರಲ್ಲಿ ಶೇ 23.6ರಷ್ಟಿದ್ದ ಸಿಸೇರಿಯನ್ ಹೆರಿಗೆಗಳು 2019–21ರ ವೇಳೆಗೆ ಶೇ 31.5ಕ್ಕೆ ಏರಿದವು ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅಗತ್ಯವಿದ್ದಾಗ ಸಿಸೇರಿಯನ್ ಜೀವ ಉಳಿಸುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ನಕ್ಷತ್ರ, ಮುಹೂರ್ತ ನೋಡಿ ಹೊಟ್ಟೆ ಕೊಯ್ಯಿಸುವವರು, ಗಂಡುಮಗು ಬೇಕೆಂದು ಮೂರನೆಯ ಸಲ ಒತ್ತಾಯಿಸುವವರು ಬೆಲೆ ತೆರುವವಳು ಯಾರೆಂದು ಯೋಚಿಸಲಿ. ಒಮ್ಮೆ ಸಿಸೇರಿಯನ್ ಆದರೆ ಮುಂದೆಲ್ಲ ಅದೇ ಗತಿ ಎಂಬುದೂ ನಿಜವಲ್ಲ. ಹಿಂದಿನ ಕಾರಣ ಈಗ ಇಲ್ಲದಿದ್ದರೆ, ಗರ್ಭಕೋಶದ ಕೆಳಭಾಗದಲ್ಲಿ ಅಡ್ಡಗೀರು ಹಾಕಿದ್ದರೆ, ಸೌಲಭ್ಯವುಳ್ಳ ಆಸ್ಪತ್ರೆಯಲ್ಲಿ ಸಹಜ ಹೆರಿಗೆಗೆ ಪ್ರಯತ್ನಿಸಬಹುದು. ಮನೆಯಲ್ಲಿ ಮಾತ್ರ ಖಂಡಿತ ಬೇಡ.

ಗೀರು ಎಲ್ಲಿ ಹಾಕಿದ್ದರು, ಅಂಟು ಕಂಡಿತ್ತೇ ಎಂಬುದು ಡಿಸ್ಚಾರ್ಜ್ ಚೀಟಿಯಲ್ಲಿ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ತಾಯಿ ಕಾರ್ಡಿನ ಜೊತೆ ಅದನ್ನೂ ಜೋಪಾನವಾಗಿಡಿ. ಎಷ್ಟೋ ಮನೆಗಳಲ್ಲಿ ರೇಷನ್ ಕಾರ್ಡಿಗೆ ಇರುವ ಮರ್ಯಾದೆ ಈ ಚೀಟಿಗೆ ಇರುವುದಿಲ್ಲ.

ಒಳಅಂಟು ವರ್ಷಗಳ ನಂತರವೂ ಕರುಳನ್ನು ತಿರುಚಿ ದಾರಿ ಕಟ್ಟಬಹುದು. ಸಿಸೇರಿಯನ್ ಆದವರಿಗೆ ಹೊಟ್ಟೆ ಹಿಂಡಿದಂಥ ನೋವು, ಮತ್ತೆಮತ್ತೆ ವಾಂತಿ, ಹೊಟ್ಟೆಯುಬ್ಬರ ಬಂದು ಮಲ, ಗಾಳಿ ಎರಡೂ ಹೋಗದಿದ್ದರೆ ಗ್ಯಾಸ್ಟ್ರಿಕ್ ಎಂದು ಹರಳೆಣ್ಣೆ ಕುಡಿಸಬೇಡಿ. ಬೇಧಿ ಮಾತ್ರೆಯೂ ಬೇಡ. ಬಾಯಿಗೆ ಏನೂ ಕೊಡದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಕರೆದೊಯ್ದು, ಹಿಂದಿನ ಶಸ್ತ್ರಕ್ರಿಯೆಯ ವಿಷಯವನ್ನು ಮೊದಲು ಹೇಳಿ.