ಫುಲ್ ಫೇಸ್ ಮಾಸ್ಕ್: ಕಪಿಲೆಗೆ ಇಳಿಯುವವರಿಗೆ ಏಳು ಪಾಠ

ನಂಜನಗೂಡಿನ ಸ್ನಾನಘಟ್ಟದಿಂದ ತಿ. ನರಸೀಪುರದ ಸಂಗಮದವರೆಗೆ ಕಪಿಲೆಯ (ಕಬಿನಿಯ) ನೀರೊಳಗೆ ಹುಡುಕಾಟಕ್ಕೆ ಇಳಿಯುವವರಿಗೆ ಫುಲ್ ಫೇಸ್ ಮಾಸ್ಕ್ ದೊಡ್ಡ ಅನುಕೂಲ. ಕಣ್ಣು, ಮೂಗು, ಬಾಯಿ ಮೂರೂ ಅದರೊಳಗೇ; ಕೊಳಕು ನೀರು ತುಟಿಗೆ ತಾಗದು. ಆದರೆ ಅದು ಕೊಡುವ ಒಂದೊಂದು ಸುಖಕ್ಕೂ ಒಂದೊಂದು ಎಚ್ಚರ ಬೇಕು. ಹೊಸಬರಿಗೆ ನಾನು ಹೇಳಿಕೊಡುವುದಿಷ್ಟು.

1. ಆನ್‌ಲೈನ್‌ನಲ್ಲಿ ತರಿಸಿದ ಸ್ನಾರ್ಕೆಲ್ ಮಾಸ್ಕ್ ಹಾಕಿಕೊಂಡು ಬಿಳಿಗೆರೆ ಕಡೆಯ ಹುಡುಗರು ಬಂದರೆ ವಾಪಸ್ ಕಳಿಸುತ್ತೇನೆ. ತಲೆಯ ಮೇಲೆ ಕೊಳವೆ ಇರುವ ಅದು ನೀರಿನ ಮೇಲೆ ತೇಲುವುದಕ್ಕಷ್ಟೇ. ನಮ್ಮದು ಸಿಲಿಂಡರ್‌ಗೆ ಜೋಡಿಸಿದ್ದು; ಉಸಿರೆಳೆದಾಗ ರೆಗ್ಯುಲೇಟರ್ ಆ ಆಳದ ಒತ್ತಡಕ್ಕೆ ಸರಿಯಾಗಿ ಗಾಳಿ ಬಿಡುತ್ತದೆ.

2. ಗಡ್ಡ ಬೋಳಿಸಿ ಬನ್ನಿ. ಮಾಸ್ಕಿನ ಮೆತ್ತನೆಯ ಅಂಚು ಹಣೆ, ಕೆನ್ನೆ, ಗದ್ದಕ್ಕೆ ಅಂಟಿ ಕೂರಬೇಕು. ಕೂದಲು ಸಿಕ್ಕಿದಲ್ಲಿ ಸೋರುತ್ತದೆ. ಮೊದಲು ಗದ್ದ ಕೂರಿಸಿ. ಕೆಳಗಿನ ಎರಡು ಪಟ್ಟಿಗಳನ್ನು ಒಟ್ಟಿಗೆ, ನೇರ ಹಿಂದಕ್ಕೆ ಎಳೆಯಿರಿ. ಆಮೇಲೆ ಕಪಾಲದವು, ಕೊನೆಗೆ ನೆತ್ತಿಯದು. ಒಂದೇ ಕಡೆ ಜಗ್ಗಿದರೆ ಮಾಸ್ಕ್ ಓರೆಯಾಗುತ್ತದೆ.

3. ಮೂಗು-ಬಾಯಿಯ ಸುತ್ತ ಇರುವ ಒಳಬಟ್ಟಲನ್ನು ನೋಡಿ. ತಾಜಾ ಗಾಳಿ ಮೊದಲು ಗಾಜಿನ ಮೇಲೆ ಹಾಯ್ದು ಮಂಜು ಒರೆಸಿ, ಒಮ್ಮುಖ ಕವಾಟದಿಂದ ಬಟ್ಟಲಿಗೆ ಬರುತ್ತದೆ. ಬಿಟ್ಟ ಉಸಿರು ಬೇರೆ ಕವಾಟದಿಂದ ಹೊರಗೆ. ನಾವು ಬಿಡುವ ಉಸಿರಿನಲ್ಲಿ ಸುಮಾರು 4% ಇಂಗಾಲದ ಡೈಆಕ್ಸೈಡ್. ಬಟ್ಟಲು ಸರಿಯಾಗಿ ಕೂರದಿದ್ದರೆ ಅದನ್ನೇ ಮತ್ತೆ ಎಳೆದುಕೊಳ್ಳುತ್ತೀರಿ. ಏದುಸಿರು, ತಲೆನೋವು ಶುರುವಾದರೆ ಮೇಲೆ ಬನ್ನಿ.

4. ಕಿವಿ ಕಟ್ಟಿದರೆ ಬೆರಳಿನಿಂದ ಮೂಗು ಹಿಡಿಯಲಾಗದು. ಒಳಗಿರುವ ಮೂಗಿನ ಮೆತ್ತೆಗೆ ಹೊಳ್ಳೆಗಳನ್ನು ಒತ್ತಿ ಮೆಲ್ಲಗೆ ಊದಬೇಕು. ಮೆತ್ತೆಯ ಎತ್ತರ ದಡದಲ್ಲೇ ಹೊಂದಿಸಿಕೊಳ್ಳಿ.

5. ಕೆಲವು ಮಾಸ್ಕ್‌ಗಳ ಒಳಗಿನ ಒತ್ತಡ ಹೊರಗಿನ ನೀರಿಗಿಂತ ತುಸು ಹೆಚ್ಚು. ಸೋರಿದರೆ ಗಾಳಿ ಹೊರಹೋಗುತ್ತದೆ, ನೀರು ಒಳಬರದು. ಆದರೆ ಸಿಲಿಂಡರ್ ಬೇಗ ಖಾಲಿ. ಲೆಕ್ಕ ಹೀಗೆ: 12 ಲೀಟರ್ ಸಿಲಿಂಡರ್, 200 ಬಾರ್ ಎಂದರೆ 2400 ಲೀಟರ್ ಗಾಳಿ. 50 ಬಾರ್ ಆಪತ್ತಿಗೆ ಎತ್ತಿಟ್ಟರೆ ಉಳಿಯುವುದು 1800. ಮೇಲೆ ನಿಮಿಷಕ್ಕೆ 20 ಲೀಟರ್ ಎಳೆಯುವವರಿಗೆ ಒತ್ತಡ ಇಮ್ಮಡಿಯಾಗುವ 10 ಮೀಟರ್ ಆಳದಲ್ಲಿ 40 ಬೇಕು. ಅಂದರೆ 45 ನಿಮಿಷ, ಅದೂ ಸೋರದಿದ್ದರೆ.

6. ಮಾಸ್ಕ್ ಕಳಚಿದರೆ ನೋಟದ ಜೊತೆ ಗಾಳಿಯೂ ಹೋಯಿತು. ಆದ್ದರಿಂದ ಇನ್ನೊಂದು ರೆಗ್ಯುಲೇಟರ್ ಎದೆಯ ಮೇಲೆ, ಸಣ್ಣ ಮಾಸ್ಕ್ ಜೇಬಿನಲ್ಲಿ ಇರಲೇಬೇಕು. ನಂಜನಗೂಡಿನಲ್ಲಿ ಭಕ್ತರು ಮಿಂದು ಬಿಟ್ಟ ಬಟ್ಟೆ ತಳದಲ್ಲಿ ಬಿದ್ದಿರುತ್ತದೆ. ಪಟ್ಟಿಗೋ ಪೈಪಿಗೋ ಸುತ್ತಿಕೊಂಡರೆ ಕಳಚುವ ಪ್ರಸಂಗ ಬಂದೀತು. ಕಣ್ಣು ಮುಚ್ಚಿ ಬದಲಿಸುವುದನ್ನು ಈಜುಕೊಳದಲ್ಲಿ ಕೈಗೆ ರೂಢಿಯಾಗುವಷ್ಟು ಮಾಡಿ. ಮಾಸ್ಕಿನೊಳಗೆ ಮಾತಾಡಲು ಮೈಕ್ ಇದ್ದರೂ, ದಡದವರು ಹಿಡಿದಿರುವ ಸೊಂಟದ ಹಗ್ಗ ಬಿಚ್ಚಬೇಡಿ: ಗುಳ್ಳೆಗಳ ಸದ್ದಿನಲ್ಲಿ ಮಾತು ಕೇಳಿಸದಿದ್ದರೆ ಹಗ್ಗದ ಎಳೆತವೇ ಸುದ್ದಿ.

7. ಸೆಳೆವಿಗೆ ಮಾಸ್ಕ್ ಮದ್ದಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿ ನದಿಯ ಸೆಳೆತ ನೌಕಾಪಡೆಯ ಮುಳುಗುಗಾರರನ್ನೂ ತಡೆಯಿತು. ನದಿಗೆ ಉರುಳಿದ್ದ ಲಾರಿ ಮೇಲೆ ಬಂದದ್ದು ಡ್ರೆಜರ್ ತರಿಸಿದ ಮೇಲೆ, ಸೆಪ್ಟೆಂಬರ್‌ನಲ್ಲಿ. ಕಬಿನಿ ಜಲಾಶಯದಿಂದ ನೀರು ಬಿಟ್ಟಿದ್ದಾರೆಯೇ ಎಂದು ಮೊದಲು ವಿಚಾರಿಸಿ. ಬಿಟ್ಟಿದ್ದರೆ ಎಷ್ಟು ಒಳ್ಳೆಯ ಮಾಸ್ಕ್ ಇದ್ದರೂ ಇಳಿಯಬೇಡಿ. ದಡದಲ್ಲಿ ಯಾರು ಎಷ್ಟೇ ಅವಸರ ಮಾಡಿದರೂ ಸರಿ.