ಮೊದಲು ಹೊಟ್ಟೆಯ ಪರಿಚಯ

ಚಚಡಿ ಸುತ್ತಮುತ್ತ ಹೊಸದಾಗಿ ಹೈನಕ್ಕೆ ಇಳಿಯುವವರು ಸಾಮಾನ್ಯವಾಗಿ ಕೇಳುವುದು ಒಂದೇ ಮಾತು: ಯಾವ ಹಿಂಡಿ ಹಾಕಿದರೆ ಹಾಲು ಹೆಚ್ಚುತ್ತದೆ? ಹಿಂಡಿಯ ವಿಚಾರಕ್ಕೆ ಆಮೇಲೆ ಬರೋಣ. ಅದು ಹೋಗಿ ಸೇರುವ ಹೊಟ್ಟೆ ಹೇಗಿದೆ ಎಂದು ಮೊದಲು ತಿಳಿದುಕೊಳ್ಳಿ.

ಸವದತ್ತಿ, ಬೈಲಹೊಂಗಲ ಸೀಮೆಯ ಎರೆಹೊಲ ಏನು ಕೊಡುತ್ತದೆ ಎಂಬುದು ನಿಮಗೆ ಗೊತ್ತಿದ್ದದ್ದೇ. ಹಿಂಗಾರಿ ಜೋಳದ ರಾಶಿ ಮುಗಿದರೆ ಕಣಿಕೆ ಬಣವಿ ಏರುತ್ತದೆ. ಕಡಲೆ, ತೊಗರಿ ಬಡಿದ ಮೇಲೆ ಹೊಟ್ಟು. ಮಲಪ್ರಭೆಯ ನೀರು ಹರಿಯುವ ಕಡೆ ಕಬ್ಬು ಕಡಿಯುವ ಹಂಗಾಮಿನಲ್ಲಿ ಸೋಗೆ. ಕಾಳು ನಮಗೆ, ದಂಟು ದನಕ್ಕೆ. ನಾವು ಜೀರ್ಣಿಸಲಾಗದ ಆ ದಂಟಿನಿಂದ ದನ ಹಾಲು ಮಾಡುತ್ತದೆ.

ದನದ ಹೊಟ್ಟೆಗೆ ನಾಲ್ಕು ಕೋಣೆ. ಎಲ್ಲಕ್ಕಿಂತ ದೊಡ್ಡದು ಎಡಬದಿಯಲ್ಲಿರುವ ರುಮೆನ್. ಬೆಳೆದ ಆಕಳಲ್ಲಿ ನೂರು ಲೀಟರಿಗೂ ಹೆಚ್ಚು ಹಿಡಿಯುತ್ತದೆ. ರುಬ್ಬಿಟ್ಟ ದೋಸೆಹಿಟ್ಟು ಹುದುಗುವಂತೆ ಅಲ್ಲಿ ಮೇವು ಹಗಲೂ ರಾತ್ರಿ ಹುದುಗುತ್ತಿರುತ್ತದೆ. ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳು ನಾರನ್ನು ಒಡೆದು ದನದ ಮೈಗೆ ಶಕ್ತಿ ಒದಗಿಸುತ್ತವೆ. ಗೋದಲಿಗೆ ನೀವು ಏನು ಹಾಕಿದರೂ ಅದನ್ನು ಮೊದಲು ಉಣ್ಣುವವು ಅವೇ.

ಮಧ್ಯಾಹ್ನ ಮೇದು ಮಲಗಿದ ಎಮ್ಮೆಯ ಪಕ್ಕ ಸ್ವಲ್ಪ ಹೊತ್ತು ಕುಳಿತು ನೋಡಿ. ಕುತ್ತಿಗೆಯ ಎಡಬದಿಯಲ್ಲಿ ಒಂದು ಉಂಡೆ ಸರ್ರನೆ ಮೇಲೇರುತ್ತದೆ. ದವಡೆ ಅಡ್ಡಡ್ಡ ಆಡುತ್ತ ಐವತ್ತು, ಅರವತ್ತು ಸಲ ಅಗಿದು ನುಂಗುತ್ತದೆ. ಎರಡು ಕ್ಷಣ ಬಿಡುವು, ಮತ್ತೆ ಇನ್ನೊಂದು ಉಂಡೆ. ಆರೋಗ್ಯವಾಗಿರುವ ದನ ದಿನಕ್ಕೆ ಏಳೆಂಟು ಗಂಟೆ ಹೀಗೆ ಮೆಲುಕು ಹಾಕುತ್ತದೆ. ಆಗ ಧಾರಾಳವಾಗಿ ಸುರಿಯುವ ಜೊಲ್ಲಿನಲ್ಲಿ ಸೋಡಾದ ಅಂಶ ಇರುತ್ತದೆ. ಹೊಟ್ಟೆಯ ಹುಳಿಯನ್ನು ತಗ್ಗಿಸುವುದು ಅದೇ. ನಾರಿನ ಮೇವು ಕಡಿಮೆಯಾದರೆ ಮೆಲುಕು ಕಡಿಮೆ, ಮೆಲುಕು ಕಡಿಮೆಯಾದರೆ ಹುಳಿ ಹೆಚ್ಚು.

ಅದಕ್ಕೇ ಹಬ್ಬದ ದಿನ ಎಚ್ಚರ ಬೇಕು. ಕಾರಹುಣ್ಣಿಮೆಗೆ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಹೋಳಿಗೆ ಉಣ್ಣಿಸುವುದು ನಮ್ಮ ಕಡೆಯ ಪ್ರೀತಿಯ ರೀತಿ. ಒಂದು ತುತ್ತಿನಿಂದ ಕೆಡುಕಿಲ್ಲ. ಆದರೆ ಮದುವೆಮನೆಯಲ್ಲಿ ಉಳಿದ ಅನ್ನವನ್ನು ಬುಟ್ಟಿಗಟ್ಟಲೆ ಸುರಿದರೆ, ಅಥವಾ ದನ ಹಗ್ಗ ಬಿಚ್ಚಿಕೊಂಡು ಗೋವಿನಜೋಳದ ಚೀಲಕ್ಕೆ ಬಾಯಿ ಹಾಕಿದರೆ, ಆ ಪಿಷ್ಟ ಗಂಟೆಗಳಲ್ಲೇ ಹುಳಿಯಾಗುತ್ತದೆ. ಮೆಲುಕು ನಿಲ್ಲುತ್ತದೆ, ಸಗಣಿ ನೀರಾಗುತ್ತದೆ, ದನ ತೂರಾಡುತ್ತದೆ, ಜೀವಕ್ಕೇ ಕುತ್ತು ಬರಬಹುದು. ಕೂಡಲೇ ಪಶುವೈದ್ಯರನ್ನು ಕರೆಸಿ. ಹಾಲಿನ ಆಸೆಗೆ ದಿನವೂ ಹದ ಮೀರಿ ದಾಣಿ ಹಾಕುವುದು ಇದೇ ಕೆಡುಕನ್ನು ನಿಧಾನವಾಗಿ ಮಾಡುತ್ತದೆ. ಗೊರಸಿನ ಒಳಗೆ ಉರಿ ಹುಟ್ಟಿ ದನ ಕಾಲು ಬದಲಿಸುತ್ತ ನಿಲ್ಲುತ್ತದೆ. ಆ ನೋವನ್ನು ಗುರುತಿಸುವ ಕಣ್ಣು ಬೆಳೆಸಿಕೊಳ್ಳಿ.

ಬರೀ ಸೋಗೆ ಹಾಕಿ ತಿಂಗಳುಗಟ್ಟಲೆ ಸಾಗಿಸುವುದೂ ಸರಿಯಲ್ಲ. ಅದರಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನು ಹಿಡಿದಿಟ್ಟುಕೊಂಡು ಮೈಗೆ ದಕ್ಕದಂತೆ ಮಾಡುತ್ತದೆ; ಹಿಂಡುವ ದನಕ್ಕೆ ಇದು ದೊಡ್ಡ ನಷ್ಟ. ಕಣಿಕೆ, ಹೊಟ್ಟಿನ ಜೊತೆ ಬೆರೆಸಿ, ದಿನಕ್ಕೆ 50 ಗ್ರಾಂನಷ್ಟು ಖನಿಜ ಮಿಶ್ರಣ ಕೊಡಿ. ಮಳೆ ಕೈಕೊಟ್ಟು ಬಾಡಿದ ಎಳೆಯ ಜೋಳದ ಬೆಳೆಗಂತೂ ದನ ಬಿಡಲೇಬೇಡಿ. ಅದರಲ್ಲಿ ಸಯನೈಡ್ ವಿಷ ಇರುತ್ತದೆ, ಕೆಲವೇ ನಿಮಿಷಗಳಲ್ಲಿ ದನ ಬೀಳಬಹುದು.

ಇನ್ನು ಗಾಳಿಯ ವಿಚಾರ. ಮೇವು ಹುದುಗುವಾಗ ಹುಟ್ಟುವ ಮೀಥೇನನ್ನು ದನ ಹೆಚ್ಚಾಗಿ ತೇಗಿನಲ್ಲಿ ಹೊರಹಾಕುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಇದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ. 2019ರ ಜಾನುವಾರು ಗಣತಿಯಂತೆ ದೇಶದಲ್ಲಿ 19 ಕೋಟಿಗೂ ಹೆಚ್ಚು ಆಕಳು, ಎತ್ತುಗಳೂ ಸುಮಾರು 11 ಕೋಟಿ ಎಮ್ಮೆ, ಕೋಣಗಳೂ ಇದ್ದವು. ರೈತನಿಗೂ ಈ ಮೀಥೇನಿನಿಂದ ನಷ್ಟವಿದೆ: ತಿಂದ ಮೇವಿನ ಶಕ್ತಿಯಲ್ಲಿ ಶೇ. 2ರಿಂದ 12ರಷ್ಟು ಈ ಅನಿಲವಾಗಿ ಹಾರಿಹೋಗುತ್ತದೆ.

ಈ ನಷ್ಟ ತಗ್ಗಿಸುವುದು ಹೇಗೆಂದು ತಿಳಿಯಲು ಒಂದೇ ಮೈಕಟ್ಟಿನ ಎರಡು ಎಮ್ಮೆಗಳನ್ನು ನೆನೆಯಿರಿ. ಒಂದಕ್ಕೆ ಒಣ ಕಣಿಕೆಯಷ್ಟೇ, ಮೂರು ಲೀಟರ್ ಹಾಲು. ಇನ್ನೊಂದಕ್ಕೆ ಕಣಿಕೆ, ಹಸಿ ಮೇವು, ಹದವಾಗಿ ಹಿಂಡಿ, ಆರು ಲೀಟರ್. ಎರಡನೆಯದು ತುಸು ಹೆಚ್ಚೇ ತೇಗಬಹುದು, ಆದರೆ ಎರಡು ಪಟ್ಟು ತೇಗುವುದಿಲ್ಲ. ಹಾಗಾಗಿ ಒಂದೊಂದು ಲೀಟರಿನ ಪಾಲಿಗೆ ಬರುವ ಅನಿಲ ಕಡಿಮೆ. ಅಮೆರಿಕದ ದೊಡ್ಡ ದನದ ದೊಡ್ಡಿಗಳಲ್ಲಿ ಬಹುಪಾಲು ಕಾಳನ್ನೇ ತಿನ್ನಿಸುವುದರಿಂದ ಅನಿಲ ಇನ್ನೂ ಇಳಿಯುತ್ತದೆ. ಆದರೆ ಅಲ್ಲಿ ಹುಳಿಯಿಂದ ಕೆಲವು ದನಗಳ ಯಕೃತ್ತಿನಲ್ಲಿ ಕೀವು ತುಂಬುತ್ತದೆ, ಕಾಳು ಬೆಳೆಯಲು ಬೇರೆ ಹೊಲ, ನೀರು, ಗೊಬ್ಬರ ಬೇಕು. ಆ ದಾರಿ ನಮಗೆ ಬೇಡವೆಂದೇ ನನ್ನ ಖಚಿತ ಅಭಿಪ್ರಾಯ. ಬೆಂಗಳೂರಿನ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯವರು ಒಗರಿನ ಅಂಶವಿರುವ ಸಸ್ಯಗಳಿಂದ 'ಹರಿತ್ ಧಾರಾ' ಎಂಬ ಪೂರಕ ಆಹಾರ ರೂಪಿಸಿದ್ದಾರೆ. ಅದು ಮೀಥೇನನ್ನು ಶೇ. 17ರಿಂದ 20ರಷ್ಟು ಇಳಿಸುತ್ತದೆ ಎಂದು ಅವರು ಹೇಳುತ್ತಾರೆ. ಇಂಥದ್ದು ನಮ್ಮ ಮೇವಿಗೆ ಹೊಂದುವ ದಾರಿ.

ನೀವು ಆರಂಭಿಸಬೇಕಾದದ್ದು ಸುಲಭದ್ದರಿಂದ. ಕಣಿಕೆಯನ್ನು ಕತ್ತರಿಸಿ ಹಾಕಿ. ಇಡಿಯಾಗಿ ಹಾಕಿದರೆ ದನಗಳು ಎಲೆ ತಿಂದು ದಂಟನ್ನು ತುಳಿದು ಕೆಡಿಸುತ್ತವೆ. ಕಬ್ಬಿನ ಒಣ ಎಲೆಗೆ, ಅಂದರೆ ರವದಿಗೆ, ಬೆಂಕಿ ಇಡದೆ ಹೊಲದಲ್ಲೇ ಕೊಳೆಯಲು ಬಿಡಿ. ನೀರು ಸದಾ ಮುಂದಿರಲಿ. ಹಸಿ ಮೇವಿಗೆ ಒಂದೆರಡು ಗುಂಟೆ ಮೀಸಲಿಡಿ. ನೇಪಿಯರ್ ಹುಲ್ಲಿನ ತಳಿಗಳ ಬಗ್ಗೆ ಧಾರವಾಡದಲ್ಲಿರುವ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಬಹುದು. ಮುಂಗಾರು ಹದಕ್ಕೆ ನೆಟ್ಟರೆ ಎರಡೂವರೆ ತಿಂಗಳ ಹೊತ್ತಿಗೆ ಮೊದಲ ಕೊಯ್ಲು ಸಿಗುತ್ತದೆ. ಆಗಲೂ ಒಮ್ಮೆಲೇ ಹಸಿ ಮೇವು ಸುರಿಯಬೇಡಿ. ಮೊದಲ ದಿನ ಕಣಿಕೆಯಲ್ಲಿ ಒಂದು ಹಿಡಿ ಬೆರೆಸಿ, ಹತ್ತು ಹದಿನೈದು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಏರಿಸಿ. ಹೊಟ್ಟೆಯೊಳಗಿನ ಜೀವಿಗಳು ಹೊಸ ಮೇವಿಗೆ ಒಗ್ಗಲು ಅಷ್ಟು ದಿನ ಬೇಕು.